ಹೆಡ್ ಬಿಚ್ಚಿಸಿ ನೋಡಿ ತಗೊಂಡ ಜೀಪು

ಕೊಟ್ಟಿಗೆಹಾರದ ಹತ್ತಿರ ತಗೊಂಡ ಹಳೇ ಮಹೀಂದ್ರಾ ಎಂಎಂ 540 ಜೀಪು ಎರಡು ಮಳೆಗಾಲ ದಾಟಿದೆ. ಸುಮಾರು 14 ಸಾವಿರ ಕಿಲೋಮೀಟರ್ ಓಡಿದೆ. ಗೊಬ್ಬರ, ಕಾಫಿ ಮೂಟೆ, ಆಳುಗಳು ಎಲ್ಲ ಅದರಲ್ಲೇ. ಇಷ್ಟು ದಿನದಲ್ಲಿ ರೇಡಿಯೇಟರಿಗೆ ನೀರು ಹಾಕಿದ್ದು ಎರಡೇ ಸಲ. ಅದೂ ಹೋಸ್ ಬದಲಾಯಿಸಿದಾಗ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ತಗೊಳ್ಳುವಾಗ ನನ್ನ ಮಾತನ್ನು ಒಪ್ಪಿದವರು ಒಬ್ಬರೂ ಇರಲಿಲ್ಲ.

ನನ್ನ ಪದ್ಧತಿ ಇಷ್ಟೇ: ಇಂಜಿನ್ ಕೆಲಸ ಇರುವ ಜೀಪನ್ನು ಹೊರಗಿನಿಂದ ನೋಡಿ ರೇಟು ಮಾತಾಡಬಾರದು. ಓನರನ್ನು ಒಪ್ಪಿಸಿ, ನಮ್ಮ ಖರ್ಚಿನಲ್ಲೇ ಹೆಡ್ (ಇಂಜಿನ್ ಮೇಲಿನ ಮುಚ್ಚಳ) ಬಿಚ್ಚಿಸಿ, ಒಳಗೆ ನೋಡಿ ಆಮೇಲೆ ರೇಟು. ತಗೊಳ್ಳದಿದ್ದರೆ ಹೆಡ್ ಕೆಳಗೆ ಕೂರುವ ಗ್ಯಾಸ್ಕೆಟ್ ಪದರ ಹೊಸದು ಹಾಕಿ, ಮೊದಲಿದ್ದ ಹಾಗೆ ಕೂರಿಸಿ ಕೊಡಬೇಕು.

'ಬಿಚ್ಚಿದ ಮೇಲೆ ತಗೊಳ್ಳಲೇಬೇಕಾಗುತ್ತೆ ಮಾರಾಯ, ಅವರೇನು ಸುಮ್ನೆ ಬಿಡ್ತಾರಾ' ಅಂತ ನಮ್ಮ ಮೇಸ್ತ್ರಿಯೇ ಹೇಳಿದ್ದರು. ಬಾಮೈದನಂತೂ 'ಭಾವ, ಬೇರೆಯವರ ಗಾಡಿಗೆ ನೀವು ದುಡ್ಡು ಹಾಕೋದಾ?' ಅಂದ. ಅವನ ಮಾತಿಗೂ ಕಾರಣ ಇತ್ತು. ಅದಕ್ಕೆ ಮೊದಲು ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೆ.

ಮೊದಲನೆಯದು 2018ರಲ್ಲಿ. ಇಂಜಿನ್ ಅಂದ್ರೆ ಇಂಜಿನ್, ಬೆಳಿಗ್ಗೆ ಅರ್ಧ ಸುತ್ತಿಗೇ ಹಿಡಿಯುತ್ತಿತ್ತು. ಹೊಗೆ ಇಲ್ಲ, ಸದ್ದಿಲ್ಲ. ನಾನು ಅದಕ್ಕೇ ಮರುಳಾದೆ. ಆ ಜೀಪು ಕರಾವಳಿಯಲ್ಲಿ ಮೀನು ಹೊರುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಐಸ್ ಕರಗಿದ ಉಪ್ಪು ನೀರು ವರ್ಷಗಟ್ಟಲೆ ಚಾಸಿಯ, ಅಂದ್ರೆ ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟಿನ, ಒಳಗೇ ಇಳಿದಿದೆ. ಮೇಲೆ ದಪ್ಪಗೆ ಟಾರ್ ಬಳಿದಿದ್ದರಿಂದ ಕಾಣಲಿಲ್ಲ. ಎಂಟು ತಿಂಗಳಿಗೆ ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಚಾಸಿ ಸಮೇತ ಕಿತ್ತು ಬಂತು. ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿಸಿದೆ, ಪಕ್ಕದಲ್ಲೇ ಮತ್ತೆ ಸೀಳಿತು. ಕೊನೆಗೆ ಗುಜರಿ ರೇಟಿಗೆ ಕೊಟ್ಟೆ. ಒಟ್ಟು 1 ಲಕ್ಷ 40 ಸಾವಿರದ ಹತ್ತಿರ ಹೋಯಿತು. ಆವತ್ತು ಗಟ್ಟಿ ಮಾಡಿಕೊಂಡೆ. ಇಂಜಿನ್ ಹೋದರೆ ದುಡ್ಡು ಕೊಟ್ಟು ಸರಿ ಮಾಡಬಹುದು, ಚಾಸಿ ಹೋದರೆ ಗಾಡಿಯೇ ಹೋದ ಹಾಗೆ.

ಎರಡನೆಯದು ಸಕಲೇಶಪುರದ ಕಡೆ. ಹೆಡ್ ಬಿಚ್ಚುವ ಪದ್ಧತಿಯನ್ನು ಮೊದಲ ಸಲ ಮಾಡಿದ್ದು ಅಲ್ಲೇ. ಬಿಚ್ಚಿ ನೋಡಿದರೆ ಬ್ಲಾಕಲ್ಲೇ, ಅಂದ್ರೆ ಸಿಲಿಂಡರ್ ಇರುವ ಇಂಜಿನ್ ಮೈಯಲ್ಲೇ, ಬಿರುಕು. ಬೇಡ ಅಂದೆ. ಆದರೆ ಅಲ್ಲಿ ಒಂದು ತಪ್ಪು ಮಾಡಿದ್ದೆ. ಹೆಡ್ ತೆಗೆದ ಮೇಲೆ ಪಿಸ್ಟನ್ ನೋಡೋಣ ಅಂತ ಕ್ರ್ಯಾಂಕ್ ತಿರುಗಿಸಿಬಿಟ್ಟೆವು. ವೆಟ್ ಲೈನರ್ ಇಂಜಿನ್ ಅಲ್ವಾ, ಪಿಸ್ಟನ್ ಓಡಾಡುವ ಕೊಳವೆ (ಲೈನರ್) ಬೇರೆಯಾಗಿ ಕೂತಿರುತ್ತೆ, ಸುತ್ತ ನೀರು. ಮೇಲೆ ಹಿಡಿತ ಇಲ್ಲದಿದ್ದರೆ ಪಿಸ್ಟನ್ ಜೊತೆ ಲೈನರ್ರೂ ಎದ್ದು ಬರುತ್ತೆ. ಕೆಳಗಿನ ರಬ್ಬರ್ ರಿಂಗು ಕದಲಿತು. ವಾಪಸ್ ಕೂರಿಸಿ ಕೊಡಲು ರಿಂಗು, ಗ್ಯಾಸ್ಕೆಟ್, ಮಜೂರಿ ಸೇರಿ 11 ಸಾವಿರ ಆಯಿತು. ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನನ್ನ ಲೆಕ್ಕದಲ್ಲಿ ಮಾತ್ರ ಆ 11 ಸಾವಿರ ಒಂದೂವರೆ ಲಕ್ಷ ಉಳಿಸಿತು. ಈಗಲೂ ಹಾಗೇ ಅನ್ನುತ್ತೇನೆ.

ಕೊಟ್ಟಿಗೆಹಾರದ ಜೀಪು ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಕೊಯ್ಲು ಮುಗಿಯುವ ಹೊತ್ತಿಗೆ. 1997ರ ಮಾಡೆಲ್, 2112 ಸಿಸಿ ಪೆಜೋ ಡೀಸೆಲ್ ಇಂಜಿನ್. ಓನರ್ ವಯಸ್ಸಾದ ಗೌಡರು. ಎಸ್ಟೇಟ್ ಬಿಟ್ಟು ಹೊರಗೆ ಹೆಚ್ಚು ಓಡಿಸಿರಲಿಲ್ಲ. ಬಿಸಿಯಾಗುತ್ತೆ, ನೀರು ಉಗಿಯುತ್ತೆ ಅಂತ ಎಂಟು ತಿಂಗಳಿಂದ ಶೆಡ್ಡಲ್ಲೇ ನಿಲ್ಲಿಸಿದ್ದರು. ಕೇಳಿದ್ದು 2 ಲಕ್ಷ 60 ಸಾವಿರ. ಒಬ್ಬ ಬ್ರೋಕರ್ ನಿಂತ ಹಾಗೇ 1.80 ಲಕ್ಷಕ್ಕೆ ಕೇಳಿ ಹೋಗಿದ್ದ.

ಮೊದಲ ದಿನ ನಾನು ಬಾನೆಟ್ ಎತ್ತಲೇ ಇಲ್ಲ. ಆರ್‌ಸಿ ಕೇಳಿದೆ. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಉಜ್ಜಿ, ಟಾರ್ಚ್ ಹಾಕಿ, ಫೋಟೋ ತೆಗೆದು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿದೆ. ಹಳೇ ಜೀಪುಗಳಲ್ಲಿ ಯಾವ್ಯಾವುದೋ ಇಂಜಿನ್ ಕೂತಿರುತ್ತೆ, ಆರ್‌ಸಿಯಲ್ಲಿ ಎಂಟ್ರಿ ಇರಲ್ಲ. ಅಂಥದ್ದನ್ನು ಬಿಟ್ಟಿಯಾಗಿ ಕೊಟ್ಟರೂ ಮುಟ್ಟಬೇಡಿ. ಇಲ್ಲಿ ನಂಬರ್ ಸರಿ ಇತ್ತು. ಆದರೆ ಆರ್‌ಸಿ ಅವಧಿ ಹಿಂದಿನ ವರ್ಷವೇ ಮುಗಿದಿತ್ತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು ಜೀಪುಗಳಿಗೆ ನವೀಕರಣ ಶುಲ್ಕ 5 ಸಾವಿರ ಆಗಿತ್ತು. ತಡವಾದ ತಿಂಗಳಿಗೆ 500ರಂತೆ ಬೇರೆ. ಓಡಾಟ, ಇನ್ಶೂರೆನ್ಸ್ ಬಿಟ್ಟು 12 ಸಾವಿರ ಅಂತ ಬರೆದುಕೊಂಡೆ.

ಆಮೇಲೆ ಅಡಿಗೆ ಮಲಗಿದೆ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಮುಂದಿನ ಬಂಪರ್‌ನಿಂದ ಹಿಂದಿನ ಹುಕ್‌ವರೆಗೆ ಗೇಣು ಗೇಣಿಗೆ ಬಡಿಯುತ್ತಾ ಹೋದೆ. ಒಳ್ಳೆ ಕಬ್ಬಿಣ ಟಣ್ ಅನ್ನುತ್ತೆ, ಸುತ್ತಿಗೆ ಪುಟಿಯುತ್ತೆ. ತುಕ್ಕು ತಿಂದಿದ್ದರೆ ದಬ್ ಅನ್ನುತ್ತೆ, ಮುಖದ ಮೇಲೆ ಹುಡಿ ಉದುರುತ್ತೆ. ಎಡಗಡೆ ಹಿಂದಿನ ಬಾಡಿ ಮೌಂಟಿಂಗ್ ಹತ್ತಿರ ಒಂದು ಕಡೆ ಮಾತ್ರ ದಬ್ ಅಂದಿತು, ಅಂಗೈ ಅಗಲ. ಉಳಿದಿದ್ದೆಲ್ಲ ಗಂಟೆ. ಆಗಲೇ ಮನಸ್ಸು ಅರ್ಧ ಒಪ್ಪಿತ್ತು.

ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಫೋರ್ ವೀಲ್ ನೋಡಿದ್ದು ಹೀಗೆ. ಇಂಜಿನ್ ಸ್ಟಾರ್ಟ್ ಮಾಡುವ ಹಾಗಿರಲಿಲ್ಲ. ಫೋರ್ ವೀಲ್ ಲಿವರ್ ಹಾಕಿ, ಮುಂದಿನ ಚಕ್ರಗಳ ಹಬ್ ಲಾಕ್ ಮಾಡಿ, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಿದೆ. ಟೈರಿನ ಮೇಲೆ ಚಾಕ್‌ಪೀಸಲ್ಲಿ ಗೀರು ಹಾಕಿ, ಹಿಂದೆ ಮುಂದೆ ಅಲ್ಲಾಡಿಸಿದೆ. ಉಳಿದ ಮೂರು ಚಕ್ರ ನೆಲ ಕಚ್ಚಿರುತ್ತವಲ್ಲ, ಗೀರು ಎಷ್ಟು ಸರಿಯುತ್ತೋ ಅಷ್ಟು ಕ್ರೌನ್, ಕ್ರಾಸ್, ಟ್ರಾನ್ಸ್‌ಫರ್ ಕೇಸ್ (ಎಳೆತವನ್ನು ಮುಂದೆ ಹಿಂದೆ ಹಂಚುವ ಗೇರ್ ಪೆಟ್ಟಿಗೆ) ಎಲ್ಲದರ ಸವೆತ ಸೇರಿದ ಲೆಕ್ಕ. ನಾಲ್ಕು ಬೆರಳು ಸರಿಯಿತು. ಅಂಗೈ ಉದ್ದ ಸರಿದರೆ ನಾನು ಎದ್ದು ಬರುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಹೋದೆ. ಇಂಜಿನ್ ತಳದ ಆಯಿಲ್ ತೊಟ್ಟಿಯ, ಅಂದ್ರೆ ಸಂಪಿನ, ಬೋಲ್ಟನ್ನು ಪೂರ್ತಿ ತೆಗೆಯದೆ, ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತಾ ಬಂದೆ. ನಿಂತ ಗಾಡಿಯಲ್ಲಿ ನೀರು ತಳಕ್ಕೆ ಇಳಿದಿರುತ್ತೆ, ಆಯಿಲ್ ಮೇಲೆ ತೇಲುತ್ತೆ. ಬೆರಳಿನ ಮೇಲೆ ಮೊದಲು ತಣ್ಣಗೆ, ತೆಳ್ಳಗೆ ನೀರು ಬಂತು. ಹಿತ್ತಾಳೆ ಲೋಟ ಹಿಡಿದೆ. ಮುಕ್ಕಾಲು ಲೋಟ ನೀರಾದ ಮೇಲೆ ಕಪ್ಪಗೆ ಆಯಿಲ್ ಶುರುವಾಯಿತು. ಗೌಡರು ಲೋಟವನ್ನೇ ನೋಡುತ್ತಾ ನಿಂತರು.

ಇಲ್ಲೇ ಎಲ್ಲರೂ ಎಡವೋದು. ಆಯಿಲ್‌ಗೆ ನೀರು ಬರಲು ಮುಖ್ಯವಾಗಿ ಮೂರು ದಾರಿ. ಗ್ಯಾಸ್ಕೆಟ್ ಸುಟ್ಟಿರಬಹುದು, ಆಗ ಹೆಡ್ ಫೇಸಿಂಗ್ (ತಳ ಸಮ ಮಾಡಿಸೋದು) ಸೇರಿ 12-15 ಸಾವಿರದಲ್ಲಿ ಮುಗಿಯುತ್ತೆ. ಲೈನರ್ ಕೆಳಗಿನ ರಬ್ಬರ್ ಹೋಗಿರಬಹುದು, ಆಗ ಹೇಗಿದ್ದರೂ ಬಿಚ್ಚಿದ್ದೇವೆ ಅಂತ ಲೈನರ್, ಪಿಸ್ಟನ್ ಬದಲಾಯಿಸುವ ಬೋರ್ ಕೆಲಸವೇ, ಲಕ್ಷದ ಹತ್ತಿರ. ಬ್ಲಾಕ್ ಬಿರುಕು ಬಿಟ್ಟಿರಬಹುದು, ಆಗ ಆ ಇಂಜಿನ್ ಕಥೆ ಮುಗಿಯಿತು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಅದೇ ನೀರು, ಅದೇ ಹಾಲಿನ ಕಾಫಿ ಬಣ್ಣದ ಆಯಿಲ್. ಓನರ್ ಮೊದಲನೆಯದು ಅಂತ ನಂಬಿ ರೇಟು ಹೇಳುತ್ತಾರೆ, ಬ್ರೋಕರ್ ಮೂರನೆಯದು ಅಂತ ಕೇಳುತ್ತಾನೆ. ಬಿಚ್ಚದೆ ಇದು ಬಗೆಹರಿಯಲ್ಲ.

'ಗೌಡ್ರೇ, ನಿಮಗೂ ಗೊತ್ತಾಗಲಿ, ನನಗೂ ಗೊತ್ತಾಗಲಿ, ಬಿಚ್ಚೋಣ. ಖರ್ಚು ನನ್ನದು' ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಆಯ್ತಪ್ಪ, ನನ್ನ ಶೆಡ್ಡಲ್ಲೇ ಬಿಚ್ಚು, ನಾನೂ ನೋಡ್ತೀನಿ' ಅಂದರು. ಒಂದು ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, 5 ಸಾವಿರ ಅವರ ಕೈಯಲ್ಲಿಟ್ಟೆ.

ಹೆಡ್ ತೆಗೆದಾಗ ಎರಡು ಮೂರನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಕಪ್ಪಗೆ ಸುಟ್ಟು ತಿಂದಿತ್ತು. ಉಳಿದ ಪಿಸ್ಟನ್ ತಲೆಗಳೆಲ್ಲ ಮಸಿ, ಮೂರನೆಯದು ಮಾತ್ರ ತೊಳೆದಿಟ್ಟ ಪಾತ್ರೆ ಥರ. ಈ ಸಲ ಕ್ರ್ಯಾಂಕ್ ಮುಟ್ಟಲಿಲ್ಲ. ದಪ್ಪ ವಾಷರ್ ಹಾಕಿ ಲೈನರ್‌ಗಳನ್ನು ಹಿಡಿಸಿಟ್ಟೆವು. ಸಂಪ್ ಇಳಿಸಿ, ಹೋಸ್ ಬಾಯಿಗಳಿಗೆ ಮರದ ಬಿರಡೆ ಬಡಿದು, ಬ್ಲಾಕಿಗೆ ಮೇಲಿನವರೆಗೂ ನೀರು ತುಂಬಿಸಿದೆವು. ಕೆಳಗೆ ನ್ಯೂಸ್‌ಪೇಪರ್ ಹಾಸಿ ರಾತ್ರಿ ಬಿಟ್ಟು ಬಂದೆವು. ಬೆಳಿಗ್ಗೆ ನಾಲ್ಕನೇ ಲೈನರ್ ಕೆಳಗೆ ಪೇಪರ್ ಮೇಲೆ ರೂಪಾಯಿ ನಾಣ್ಯದಗಲ ಒದ್ದೆ. ಬೇರೆಲ್ಲ ಒಣಕಲು. ಅಂದ್ರೆ ಗ್ಯಾಸ್ಕೆಟ್ಟೂ ಹೋಗಿದೆ, ಒಂದು ರಬ್ಬರ್ರೂ ಹೋಗಿದೆ. ಬ್ಲಾಕ್ ಸರಿ ಇದೆ. ಬಿರುಕು ಹುಡುಕಲು ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಅದನ್ನು ಇಲ್ಲಿ ಬರೆಯಲ್ಲ, ಕಲಿಸಿದವರಿಗೆ ಮಾತು ಕೊಟ್ಟಿದ್ದೇನೆ.

ರೇಟು ಮಾತಾಡಿದ್ದು ಆಮೇಲೆ, ಶೆಡ್ಡಲ್ಲೇ, ಹೆಡ್ ಪಕ್ಕದಲ್ಲಿಟ್ಟುಕೊಂಡು. ನಮ್ಮ ಕಡೆ ಆಗ ಓಡುವ, ಚಾಸಿ ಗಟ್ಟಿ ಇರುವ 540ಗೆ 3.70 ಲಕ್ಷದ ಹತ್ತಿರ ಇತ್ತು. ಅದರಲ್ಲಿ ಇಂಜಿನ್‌ಗೆ 1.10 ಲಕ್ಷ ಕಳೆದೆ. ಕಾಗದಕ್ಕೆ 12, ಟೈರಿಗೆ 30, ಗೊತ್ತಿಲ್ಲದ ಖರ್ಚಿಗೆ 20 ಸಾವಿರ. ಉಳಿದಿದ್ದು 2 ಲಕ್ಷಕ್ಕೆ ಸ್ವಲ್ಪ ಕಡಿಮೆ. ಎಲ್ಲವನ್ನೂ ಗೌಡರ ಎದುರೇ ಬರೆದು ತೋರಿಸಿದೆ. ಲೈನರ್ ಮೇಲಂಚಿನ ಸವೆತಕ್ಕೆ ಅವರ ಉಗುರನ್ನೇ ತಾಗಿಸಿದೆ, ಉಗುರು ಸಿಕ್ಕಿ ನಿಂತಿತು. 2 ಲಕ್ಷ 5 ಸಾವಿರಕ್ಕೆ ಮುಗಿಯಿತು. ಕೊಟ್ಟ 5 ಸಾವಿರವೂ ಅದರಲ್ಲೇ ಸೇರಿತು.

ಇಂಜಿನ್ ಖರ್ಚು ನೆನಪಿನ ಲೆಕ್ಕದಲ್ಲಿ ಹೇಳುತ್ತೇನೆ. ಲೈನರ್ ಪಿಸ್ಟನ್ ಸೆಟ್ 20 ಸಾವಿರದ ಹತ್ತಿರ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಮೂರು ಅಂಗಡಿಯಲ್ಲಿ ಇಲ್ಲ ಅಂದರು, ನಾಲ್ಕನೆಯವರ ಹತ್ತಿರ ಸಿಕ್ಕಿತು. ಆ ಅಂಗಡಿ ಯಾವುದು ಅಂತ ಹೇಳಲ್ಲ, ಇನ್ನೊಂದು ಸೆಟ್ ನನಗೇ ಬೇಕು. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ 9-10. ಹೆಡ್ ಫೇಸಿಂಗ್, ವಾಲ್ವ್ ಕೆಲಸ 9. ಹಾಸನದಲ್ಲಿ ಪಂಪ್, ನಾಝಲ್ 14. ರೇಡಿಯೇಟರ್ ಕೋರ್ 8. ಬಿಸಿಯಾಗಲು ಮೂಲ ಕಾರಣವೇ ಅದು, ಅರ್ಧ ಕೋರಿನಲ್ಲಿ ಕೆಸರು ಕಟ್ಟಿತ್ತು. ಕ್ಲಚ್ ಪ್ಲೇಟ್, ಗ್ಯಾಸ್ಕೆಟ್ ಸೆಟ್, ಆಯಿಲ್ ಸೇರಿ 11. ಮೇಸ್ತ್ರಿಗೆ 18. ಒಟ್ಟು 90 ಸಾವಿರ.

ಗುಜರಿಯಲ್ಲಿ 45 ಸಾವಿರಕ್ಕೆ ಅದೇ ಥರದ ಇಂಜಿನ್ ಇದೆ ಅಂತ ಇಬ್ಬರು ಹೇಳಿದ್ದರು. ಅರ್ಧ ಖರ್ಚು ಅಂತ ಅನ್ನಿಸುತ್ತೆ. ಆದರೆ ಅದರ ಬ್ಲಾಕ್ ಹೇಗಿದೆ ಅಂತ ಯಾರಿಗೆ ಗೊತ್ತು? ನಂಬರ್ ಬೇರೆ, ಆರ್‌ಸಿಯಲ್ಲಿ ಬದಲಾಯಿಸಬೇಕು. ನೀರು ತುಂಬಿಸಿ ರಾತ್ರಿಯಿಡೀ ನೋಡಿದ ನನ್ನ ಬ್ಲಾಕೇ ನನಗೆ ಜಾಸ್ತಿ ನಂಬಿಕೆ.

ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವ್ ತೆಗೆದು ಬಿಸಾಡುವ ಅಭ್ಯಾಸ ನಮ್ಮ ಕಡೆ ಎಲ್ಲ ಗ್ಯಾರೇಜಲ್ಲೂ ಇದೆ. ಇದರಲ್ಲೂ ಇರಲಿಲ್ಲ. ನಾನು ಹಟ ಮಾಡಿ ಹೊಸದು ಹಾಕಿಸಿದೆ. ಡಿಸೆಂಬರ್ ಚಳಿಯಲ್ಲಿ ಇಂಜಿನ್ ಬೇಗ ಬಿಸಿಗೆ ಬರುತ್ತೆ, ಬಿಳಿ ಹೊಗೆ ಎರಡು ನಿಮಿಷದಲ್ಲಿ ನಿಲ್ಲುತ್ತೆ. ಮೊದಲ ಸಾವಿರ ಕಿಲೋಮೀಟರ್ ಸ್ಪೀಡ್ 40 ದಾಟಿಸಲಿಲ್ಲ, 500ಕ್ಕೆ ಹೆಡ್ ಬೋಲ್ಟ್ ಮತ್ತೆ ಟೈಟ್ ಮಾಡಿಸಿದೆ. ಮೈಲೇಜ್ ಈಗ 11-12.

ಗೊತ್ತಿಲ್ಲದ ಖರ್ಚಿಗೆ ಅಂತ ಇಟ್ಟ 20 ಸಾವಿರವೂ ಸುಮ್ನೆ ಉಳಿಯಲಿಲ್ಲ. ಮೊದಲ ಮಳೆಗೆ, ತೋಟದ ಇಳಿಜಾರಲ್ಲಿ ಫೋರ್ ವೀಲಿನ ಲೋ ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ತಕ್ಷಣ ಆ ಲಿವರ್ ತಾನೇ ನ್ಯೂಟ್ರಲ್‌ಗೆ ಹಾರಿತು. ಗಾಡಿ ಫ್ರೀ ಆಗಿ ಸಿಲ್ವರ್ ಮರದ ಬುಡಕ್ಕೆ ಹೋಗಿ ನಿಂತಿತು. ಹಿಂದೆ ಆಳುಗಳು ಇರಲಿಲ್ಲ, ದೇವರು ದೊಡ್ಡವನು. ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಿ, ಸವೆದ ಗೇರ್, ಸ್ಪ್ರಿಂಗ್ ಹಾಕಿಸಲು 9 ಸಾವಿರ. ಚಾಕ್‌ಪೀಸ್ ಗೀರು ಈ ದೋಷವನ್ನು ಹೇಳಲ್ಲ. ಓಡುವ ಗಾಡಿಯಾದರೆ ಇಳಿಜಾರಿನ ಪರೀಕ್ಷೆ ಮಾಡದೆ ಬಿಡಬೇಡಿ.

ಇಂಜಿನ್ ಪಳಗಿದ ಮೇಲೆ ಇನ್ನೊಂದು ಹುಚ್ಚು ಹತ್ತಿತು, ಹೊಂಗೆ ಎಣ್ಣೆ. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಪಾರ್ಕಿನ ವಿಷಯ ಕೇಳಿದ್ದೆ. ಅಲ್ಲಿ ಎಣ್ಣೆಯನ್ನು ಬಯೋಡೀಸೆಲ್ ಮಾಡುತ್ತಿದ್ದರು. ನಾನು ಗಾಣದ ಎಣ್ಣೆಯನ್ನೇ ಬಟ್ಟೆಯಲ್ಲಿ ಸೋಸಿ, ಐದು ಲೀಟರ್ ಡೀಸೆಲ್‌ಗೆ ಒಂದು ಲೀಟರಂತೆ ಬೆರೆಸಿದೆ. ಮಧ್ಯಾಹ್ನ ಚೆನ್ನಾಗೇ ಓಡಿತು, ಸದ್ದು ಕೂಡ ಮೆತ್ತಗಾಯಿತು. ಬೆಳಿಗ್ಗೆ ಚಳಿಗೆ, ಸ್ಟಾರ್ಟಿಗೆ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಮೂರು ಸಲ ಕೊಟ್ಟರೂ ಹಿಡಿಯಲಿಲ್ಲ. 600 ಕಿಲೋಮೀಟರಿಗೆ ಎರಡು ಡೀಸೆಲ್ ಫಿಲ್ಟರ್ ಕಟ್ಟಿಕೊಂಡವು. ಡೀಸೆಲಲ್ಲಿ ಉಳಿಸಿದ ದುಡ್ಡು ಫಿಲ್ಟರಿಗೇ ಹೋಯಿತು. ಪಂಪಿಗೆ 14 ಸಾವಿರ ಹಾಕಿದ್ದು ನೆನಪಾಗಿ ನಿಲ್ಲಿಸಿದೆ. ಬೇಸಿಗೆಯಲ್ಲಿ, ಇನ್ನೂ ಕಡಿಮೆ ಪಾಲಲ್ಲಿ ಮತ್ತೆ ನೋಡಬೇಕು ಅಂತಿದೆ.

ಟೈರ್ ಮೂರೇ ಬದಲಾಯಿಸಿದೆ, 19 ಸಾವಿರ. ಎಲ್ಲ ಸೇರಿ ನನ್ನ ಕೈಯಿಂದ ಹೋಗಿದ್ದು 3 ಲಕ್ಷ 35 ಸಾವಿರದ ಆಸುಪಾಸು. ಹೋದ ತಿಂಗಳು ಒಬ್ಬರು ಮನೆಗೇ ಬಂದು 4.10 ಲಕ್ಷಕ್ಕೆ ಕೇಳಿದರು. ಕೊಡಲಿಲ್ಲ. ಬಾಮೈದ ಈಗ ಬಾಳೂರಿನ ಕಡೆ ಒಂದು ಜೀಪು ನೋಡಿದ್ದಾನೆ, ಬಿಳಿ ಹೊಗೆ ಬರುತ್ತಂತೆ. 'ಭಾವ, ಭಾನುವಾರ ಬಿಡುವಿದ್ರೆ ಹೆಡ್ ಬಿಚ್ಚೋಕೆ ಬರ್ತೀರಾ?' ಅಂತ ನಿನ್ನೆ ಫೋನ್ ಮಾಡಿದ್ದ. ಮರದ ಬಿರಡೆ, ವಾಷರ್ ಎಲ್ಲ ಡಬ್ಬಿಗೆ ಹಾಕಿಟ್ಟಿದ್ದೇನೆ.