ದುರ್ಗ-ದಾವಣಗೆರೆ ಎರಡು ದಿನದಲ್ಲಿ: ಕೋಟೆಯನ್ನು ಮಾತ್ರ ಹನ್ನೊಂದು ಗಂಟೆಗೆ ಹತ್ತಬೇಡಿ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಹೋಗುವವರು ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳನ್ನು ದಾಟಿಯೇ ಹೋಗಬೇಕು. ಆದರೆ ಇಲ್ಲಿ ಇಳಿಯುವುದು ತಿಂಡಿಗೆ, ಡೀಸೆಲ್‌ಗೆ, ಅಷ್ಟೇ. ಇಳಿದು ನೋಡುವವರೂ ಎಡವಟ್ಟು ಮಾಡಿಕೊಳ್ಳುತ್ತಾರೆ. ನಾನು ದಾವಣಗೆರೆಯವನು, ನೆಂಟರು ಬಂದಾಗಲೆಲ್ಲ ಕೋಟೆ ತೋರಿಸುವ ಕೆಲಸ ನನ್ನ ತಲೆಗೇ ಬೀಳುತ್ತದೆ, ಹಾಗಾಗಿ ಈ ಎಡವಟ್ಟುಗಳನ್ನು ಹತ್ತಿರದಿಂದ ನೋಡಿದ್ದೇನೆ. ಹೋದ ಬೇಸಿಗೆಯಲ್ಲಿ ನಮ್ಮ ಭಾವ ಒಂಬತ್ತೂವರೆಗೆ ಮೂರು ಬೆಣ್ಣೆ ದೋಸೆ ತಿಂದು, ಹನ್ನೊಂದೂವರೆಗೆ ಹವಾಯಿ ಚಪ್ಪಲಿಯಲ್ಲಿ ಚಿತ್ರದುರ್ಗದ ಕೋಟೆ ಹತ್ತಲು ಹೊರಟರು. ಮೂರನೇ ಬಾಗಿಲ ನೆರಳಿನಲ್ಲಿ ಕೂತವರು, "ಇಲ್ಲೇ ತಂಪಾಗಿದೆ ಮಾರಾಯ, ನೀವೆಲ್ಲ ಹೋಗಿ ಬನ್ನಿ" ಅಂದರು. ಅವರ ಫೋನಿನಲ್ಲಿ ದುರ್ಗದ ನೆನಪಾಗಿ ಇರುವುದು ಆ ಬಾಗಿಲಿನ ಹದಿನಾರು ಫೋಟೋ.

ಆದ್ದರಿಂದ ಕ್ರಮವಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹುಬ್ಬಳ್ಳಿ ಕಡೆಯಿಂದ ಬರುವವರು ಇದನ್ನೇ ತಿರುವಿ ಹಾಕಿಕೊಳ್ಳಿ.

ಮೊದಲು ದಿನ ಆರಿಸಿ

ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್ ಬೇಡವೇ ಬೇಡ. ಇದು ಮಳೆ ಕಡಿಮೆ ಇರುವ ಬಯಲುಸೀಮೆ, ಜೊತೆಗೆ ಕೋಟೆ ಪೂರ್ತಿ ಬಂಡೆ. ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಬಿಸಿ ಕಾರುತ್ತಿರುತ್ತದೆ.

ಮೊದಲ ದಿನ: ಹಿರಿಯೂರಿನಲ್ಲಿ ಹೆದ್ದಾರಿ ಬಿಡಿ

ಬೆಂಗಳೂರಿನಿಂದ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಹೊರಟರೆ ತಿಂಡಿ ಹೊತ್ತಿಗೆ ಅಲ್ಲಿರುತ್ತೀರಿ. ಅಲ್ಲಿಂದ ಹೊಸದುರ್ಗದ ಕಡೆ ತಿರುಗಿ ಇಪ್ಪತ್ತು ಕಿಲೋಮೀಟರಿನಷ್ಟು ಹೋದರೆ ವಾಣಿವಿಲಾಸ ಸಾಗರ. ನಮ್ಮ ಜನ ಈಗಲೂ ಮಾರಿಕಣಿವೆ ಅಂತಲೇ ಕರೆಯುವುದು. ದಾರಿ ಕೇಳುವಾಗ ಆ ಹೆಸರನ್ನೇ ಬಳಸಿ.

ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಇದು. ಮೈಸೂರು ಅರಸರ ಕಾಲದಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಆಗಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರ ವಾಣಿವಿಲಾಸ ಎಂಬ ಬಿರುದೇ ಜಲಾಶಯಕ್ಕೆ ಹೆಸರಾಯಿತು. ತುಂಬಲು 130 ಅಡಿ ನೀರು ಬೇಕು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು, ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ! ಆ ವರ್ಷ ಕೋಡಿ ನೋಡಲು ನಮ್ಮ ಬೀದಿಯಿಂದಲೇ ಮೂರು ಟೆಂಪೋ ಹೋಗಿದ್ದವು. ಅಜ್ಜಂದಿರ ಬಾಯಲ್ಲಿ ಕೇಳಿದ್ದನ್ನು ಮೊಮ್ಮಕ್ಕಳು ಕಣ್ಣಲ್ಲಿ ನೋಡಿದರು ಅನ್ನುವುದು ಅತಿಶಯೋಕ್ತಿ ಅಲ್ಲ.

ಇಲ್ಲಿ ಒಂದೂವರೆ ಗಂಟೆ ಸಾಕು. ಕಣಿವೆ ಮಾರಮ್ಮನ ಗುಡಿ, ಅಣೆಕಟ್ಟಿನ ಮೇಲಿನ ಮಂಟಪ, ಆಮೇಲೆ ಕಾರು ಹತ್ತಿ. ಹಿನ್ನೀರಿಗೆ ಇಳಿಯುವ ಸಾಹಸ ಬೇಡ.

ಮಧ್ಯಾಹ್ನದ ಊಟದ ಹೊತ್ತಿಗೆ ಚಿತ್ರದುರ್ಗ. ಹಿರಿಯೂರಿನಿಂದ ಸುಮಾರು 40 ಕಿಲೋಮೀಟರ್. ಕಣ್ಣೆದುರೇ ಕೋಟೆ ಕಾಣುತ್ತದೆ, ಈಗಲೇ ಹತ್ತಿಬಿಡೋಣ ಅನಿಸುತ್ತದೆ. ಹತ್ತಬೇಡಿ. ಲಾಡ್ಜಿನಲ್ಲಿ ರೂಮು ಹಿಡಿದು ಒಂದು ಗಂಟೆ ಮಲಗಿ, ನಾಲ್ಕು ಗಂಟೆಗೆ ಚಂದ್ರವಳ್ಳಿಗೆ ಹೋಗಿ.

ಚಂದ್ರವಳ್ಳಿ ಊರಿಗೆ ಅಂಟಿಕೊಂಡೇ ಇದೆ. ಮೂರು ಕಡೆ ಬೆಟ್ಟ, ನಡುವೆ ಕೆರೆ. ಪಿಕ್‌ನಿಕ್ ಜಾಗ ಅಂದುಕೊಂಡು ಜನ ಕೆರೆ ನೋಡಿ ವಾಪಸ್ಸು ಹೋಗುತ್ತಾರೆ. ಅಲ್ಲಿನ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಪ್ರಾಕೃತ ಭಾಷೆಯಲ್ಲಿ. ನಾಲ್ಕನೇ ಶತಮಾನದ್ದು. ರಾಜ ಕೆರೆ ಕಟ್ಟಿಸಿದ ಅಂತ ಅದರಲ್ಲಿದೆ. ಬರಗಾಲದ ಸೀಮೆಯಲ್ಲಿ ರಾಜನೊಬ್ಬ ಕಲ್ಲಿನ ಮೇಲೆ ಬರೆಸಿಕೊಳ್ಳಲು ಅದಕ್ಕಿಂತ ದೊಡ್ಡ ಕೆಲಸ ಇನ್ನೇನಿತ್ತು, ಅಲ್ವಾ? ಪಕ್ಕದ ಅಂಕಲಿ ಮಠದ ಗುಹೆಗೆ ಟಾರ್ಚ್ ಬೇಕು. ಒಳಗೆ ಕೋಣೆಯೊಳಗೊಂದು ಕೋಣೆ, ಕತ್ತಲೆ. ಫೋನಿನ ಲೈಟ್ ಸಾಲುವುದಿಲ್ಲ. ದಾರಿ ಗೊತ್ತಿರುವವರನ್ನು ಕರೆದುಕೊಂಡೇ ಇಳಿಯಿರಿ. ಉಸಿರು ಕಟ್ಟುವ ತೊಂದರೆ ಇದ್ದವರು ಹೊರಗೇ ಇರುವುದು ಒಳ್ಳೆಯದು.

ರಾತ್ರಿ ಬೇಗ ಮಲಗಿ. ಲಾಡ್ಜಿನವರ ಹತ್ತಿರ ಕೋಟೆ ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತಾರೆ ಅಂತ ಕೇಳಿಟ್ಟುಕೊಳ್ಳಿ.

ಎರಡನೇ ದಿನ: ಕೋಟೆ. ಇಲ್ಲೇ ಎಲ್ಲರೂ ಸೋಲುವುದು

ಬಾಗಿಲು ತೆರೆದಾಗ ನೀವು ಅಲ್ಲಿರಬೇಕು. ಹತ್ತೂವರೆಗೆ ಹೊರಗೆ ಬಂದಿರಬೇಕು. ನಾಲ್ಕು ಗಂಟೆ ಬೇಕೇ ಬೇಕು, "ಒಂದು ಗಂಟೆಯಲ್ಲಿ ಮುಗಿಸೋಣ" ಅನ್ನುವವರ ಜೊತೆ ಹೋಗಲೇಬೇಡಿ.

ಹೊಟ್ಟೆಗೆ ಎರಡು ಇಡ್ಲಿ ಅಥವಾ ಬಾಳೆಹಣ್ಣು, ಅದಕ್ಕಿಂತ ಜಾಸ್ತಿ ಬೇಡ. ಒಬ್ಬೊಬ್ಬರಿಗೂ ಒಂದೂವರೆ ಲೀಟರ್ ನೀರು, ಸೌತೆಕಾಯಿ. ಕಾಲಿಗೆ ಹಿಡಿತ ಇರುವ ಹಳೆಯ ಶೂ. ಪ್ರವಾಸಕ್ಕೆಂದೇ ಹಿಂದಿನ ದಿನ ಫುಟ್‌ಪಾತಿನಲ್ಲಿ ತಗೊಂಡ ಹೊಳೆಯುವ ಶೂ ಬೇಡ, ಅದರ ಗಟ್ಟಿ ಪ್ಲಾಸ್ಟಿಕ್ ಅಟ್ಟೆ ಸವೆದ ಬಂಡೆಯ ಮೇಲೆ ಸಾಬೂನಿನ ಹಾಗೆ ಜಾರುತ್ತದೆ. ನನ್ನ ಮೊಣಕಾಲಿನ ಗಾಯದ ಗುರುತು ಅಂಥದ್ದೇ ಒಂದು ಜೋಡಿ ಶೂನಿಂದ ಬಂದಿದ್ದು. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ಕೋಟೆಯ ಕೋತಿಗಳಿಗೆ ಕವರಿನ ಸದ್ದು ಗೊತ್ತು. ಬ್ಯಾಗ್ ಬೆನ್ನಿಗಿರಲಿ, ಜಿಪ್ ಹಾಕಿರಲಿ.

ಗೈಡ್ ಬೇಕಾ? ಬೇಕು. ಮೊದಲ ಸಲಕ್ಕಂತೂ ಬೇಕು. ಹಣ ಎಷ್ಟು, ಎಲ್ಲಿಯವರೆಗೆ ಬರುತ್ತಾರೆ, ಈ ಎರಡನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಒಬವ್ವನ ಕಿಂಡಿ ತೋರಿಸಿ ಕೈಮುಗಿಯುವವರೂ ಇದ್ದಾರೆ.

ಈಗ ಹತ್ತುವುದು. ಏಳು ಸುತ್ತಿನ ಕೋಟೆ ಅನ್ನುತ್ತೇವಲ್ಲ, ಆ ಸುತ್ತುಗಳನ್ನು ಗಮನಿಸದೆ ಓಡಿದರೆ ಬಂದಿದ್ದೇ ದಂಡ. ಬಾಗಿಲು ದಾಟಿದ ಕೂಡಲೇ ದಾರಿ ಹೇಗೆ ತಟ್ಟನೆ ತಿರುಗುತ್ತದೆ ನೋಡಿ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬೇಕಾದರೆ ನೇರ ಜಾಗ ಬೇಕು, ಇಲ್ಲಿ ಆ ಜಾಗವನ್ನೇ ಕೊಟ್ಟಿಲ್ಲ. ಗೋಡೆಯ ದೊಡ್ಡ ಕಲ್ಲುಗಳ ನಡುವೆ ಗಾರೆ ಹುಡುಕಿ, ಸಿಗುವುದಿಲ್ಲ, ಕಲ್ಲಿಗೆ ಕಲ್ಲು ಹೊಂದಿಸಿ ಕೂರಿಸಿದ್ದಾರೆ. ಗೋಡೆಯ ಮೇಲೆ ಹೆಡೆ ಬಿಚ್ಚಿದ ಹಾವಿನ ಕೆತ್ತನೆ ಸಿಗುತ್ತದೆ, ಮಕ್ಕಳಿಗೆ ಹುಡುಕಲು ಬಿಡಿ. ಸ್ವಲ್ಪ ಮುಂದೆ ಮದ್ದು ಬೀಸುವ ಕಲ್ಲುಗಳು. ಮನುಷ್ಯರಿಗಿಂತ ದೊಡ್ಡ ಬೀಸುಕಲ್ಲುಗಳು, ಫಿರಂಗಿ ಮದ್ದು ಅರೆಯಲು. ಅವುಗಳನ್ನು ತಿರುಗಿಸಲು ಪ್ರಾಣಿಗಳೇ ಬೇಕಿತ್ತು.

ಏಕನಾಥೇಶ್ವರಿ ಗುಡಿ ಹತ್ತಿರ ಬಂದಾಗ ಅರ್ಧ ಜನ "ಆಯ್ತಲ್ಲ, ಹೋಗೋಣ" ಅನ್ನುತ್ತಾರೆ. ಇಲ್ಲೇ ಹತ್ತು ನಿಮಿಷ ಕೂತು ನೀರು ಕುಡಿಸಿ. ಉಯ್ಯಾಲೆ ಕಂಬ, ದೀಪದ ಕಂಬ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಎಲ್ಲ ಸುತ್ತಮುತ್ತಲೇ. ಹಿಡಿಂಬೇಶ್ವರದಲ್ಲಿ ರಾಕ್ಷಸ ಹಿಡಿಂಬನ ಹಲ್ಲು ಅಂತ ಒಂದನ್ನು ಇಟ್ಟಿದ್ದಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು, ನಮ್ಮ ಅಮ್ಮ ನಂಬುತ್ತಾರೆ.

ಇಲ್ಲಿಂದ ಎರಡು ದಾರಿ ನಿಮ್ಮ ಮುಂದೆ ಇರುತ್ತದೆ: ತುಪ್ಪದ ಕೊಳದ ಬತೇರಿಗೆ (ಕಾವಲು ಬುರುಜಿಗೆ) ಮೇಲಕ್ಕೆ, ಒಬವ್ವನ ಕಿಂಡಿಗೆ ಕೆಳಕ್ಕೆ. ಬತೇರಿ ಮೊದಲು, ಕಿಂಡಿ ಆಮೇಲೆ. ಬಿಸಿಲು ಏರುವ ಮೊದಲೇ ಬಂಡೆ ಹತ್ತಿ ಇಳಿದಿರಬೇಕು, ಅದಕ್ಕೇ ಈ ಕ್ರಮ.

ಬತೇರಿಗೆ ಮೆಟ್ಟಿಲು ಅಂತ ಇರುವುದು ಬಂಡೆಯಲ್ಲಿ ಕೊರೆದ ಸಣ್ಣ ಗುಳಿಗಳು. ಹತ್ತುವುದು ಸುಲಭ, ಇಳಿಯುವಾಗಲೇ ಕಾಲು ನಡುಗುವುದು. ಎಷ್ಟೋ ಜನ ಇಳಿಯುವಾಗ ಊರು ನೋಡುತ್ತಾ, ಮುಖ ಮುಂದೆ ಮಾಡಿಕೊಂಡು, ಕೂತು ಜಾರುತ್ತಾರೆ. ತಪ್ಪು. ಮುಖ ಬಂಡೆಯ ಕಡೆಗಿರಲಿ, ಏಣಿ ಇಳಿಯುವ ಹಾಗೆ ಹಿಂದಕ್ಕೆ ಇಳಿಯಿರಿ. ಒಂದು ಕಾಲು ಗುಳಿಯಲ್ಲಿ ಗಟ್ಟಿಯಾಗಿ ಕೂತ ಮೇಲೆ ಇನ್ನೊಂದನ್ನು ಬಿಡಿ. ಕೆಳಗೆ ಒಬ್ಬರು ನಿಂತು "ಎಡಗಾಲು ಇನ್ನೂ ಸ್ವಲ್ಪ ಕೆಳಗೆ" ಅಂತ ಹೇಳುತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಫೋನ್ ಜೇಬಿನಲ್ಲಿ. ಸೆಲ್ಫಿ ಸ್ಟಿಕ್ ಕಾರಿನಲ್ಲೇ. ಸೀರೆ ಉಟ್ಟವರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ, ಇಲ್ಲವೇ ಇದನ್ನು ಬಿಟ್ಟುಬಿಡಿ. ಮಳೆ ಬಿದ್ದ ಬೆಳಿಗ್ಗೆ ಯಾರೂ ಹತ್ತಬೇಡಿ. ಕಾವಲಿನವರು ಬೇಡ ಅಂದರೆ ವಾದ ಮಾಡದೆ ತಿರುಗಿ.

ಮೇಲೆ ಹೋದರೆ ಸಿಗುವುದು ಒಡೆದ ಬಂಡೆಗಳ ಸಮುದ್ರ, ಬೆಟ್ಟದ ಬೆನ್ನ ಮೇಲೆ ಓಡುವ ಕೋಟೆ ಗೋಡೆ, ದೂರದಲ್ಲಿ ಗಾಳಿ ಯಂತ್ರಗಳ ಸಾಲು. ಅದನ್ನು ನೋಡಿದ ಮೇಲೆಯೇ ಹೈದರಾಲಿಗೆ ಈ ಊರು ಏಕೆ ಅಷ್ಟು ಕಾಟ ಕೊಟ್ಟಿತು ಅಂತ ತಿಳಿಯುವುದು. 1779ರಲ್ಲಿ ಕೊನೆಗೂ ಕೋಟೆ ಅವನ ಕೈಸೇರಿತು, ಮದಕರಿ ನಾಯಕ ಸೆರೆಯಾದ.

ಆಮೇಲೆ ಕೆಳಗಿಳಿದು ಒಬವ್ವನ ಕಿಂಡಿ. ಕಥೆಯನ್ನು ಕಾರಿನಲ್ಲಿ ಹೇಳಿ ಮುಗಿಸಬೇಡಿ, ಇಲ್ಲಿ ಕೂತು ಹೇಳಿ. ಕಾವಲುಗಾರ ಕಹಳೆ ಮುದ್ದ ಹನುಮ ಊಟಕ್ಕೆ ಕೂತಿದ್ದಾನೆ, ಹೆಂಡತಿ ಒಬವ್ವ ನೀರಿಗೆ ಬಂದಿದ್ದಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಪಿಸುಮಾತು ಕೇಳುತ್ತದೆ. ಹಿಂದಕ್ಕೆ ಓಡಿ ಕೈಗೆ ಸಿಕ್ಕ ಒನಕೆ ಹಿಡಿದು ಬರುತ್ತಾಳೆ. ಆ ಕಿಂಡಿಯಲ್ಲಿ ಮೈ ಮುದುಡಿಕೊಂಡು ಒಬ್ಬೊಬ್ಬರೇ ನುಸುಳಬೇಕು, ತಲೆ ಮೊದಲು ಹೊರಗೆ ಬರುತ್ತದೆ. ನೀವೇ ಒಮ್ಮೆ ನುಸುಳಿ ನೋಡಿ, ಒಂದು ಒನಕೆ ಹೇಗೆ ಸಾಕಾಯಿತು ಅಂತ ಯಾರೂ ವಿವರಿಸಬೇಕಾಗಿಲ್ಲ. ಹತ್ತಿರದಲ್ಲೇ ತಣ್ಣೀರು ದೋಣಿ ಎಂಬ ಪುಟ್ಟ ನೀರಿನ ಹೊಂಡ. ಕಿಂಡಿಯಿಂದ ವಾಪಸ್ಸು ಬರುವುದು ಏರು, ಅದಕ್ಕೆ ನೀರು ಉಳಿಸಿಕೊಂಡಿರಿ.

ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಬಿಟ್ಟು ಬರಬೇಡಿ. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನದಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹೀಗೆ ಹಿಡಿದಿಟ್ಟುಕೊಂಡೇ ಪಾಳೇಗಾರರು ಮುತ್ತಿಗೆಗಳನ್ನು ತಡೆದುಕೊಂಡಿದ್ದು. ಇದೇ ಊರು ಇವತ್ತು ಕುಡಿಯುವ ನೀರಿಗೆ ಪಕ್ಕದ ಜಿಲ್ಲೆಯ ಸೂಳೆಕೆರೆಯನ್ನು ನೆಚ್ಚಿಕೊಂಡಿದೆ. ಆ ಕೆರೆಗೆ ಸಂಜೆ ಹೋಗೋಣ.

ದೋಸೆ ಈಗ ತಿನ್ನಿ

ದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್, ಒಂದು ಗಂಟೆ. ಹೆದ್ದಾರಿ ಬದಿಯಲ್ಲಿ "ದಾವಣಗೆರೆ ಬೆಣ್ಣೆ ದೋಸೆ" ಬೋರ್ಡ್ ನೋಡಿ ನಿಲ್ಲಿಸಬೇಡಿ, ಊರೊಳಗೆ ಬನ್ನಿ. ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬಿ, ಸೌದೆ ಒಲೆಯ ಕಾವಲಿಯ ಮೇಲೆ ಹುಯ್ದು, ಅರಿಶಿನ ಇಲ್ಲದ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಜೊತೆ ಕೊಡುತ್ತಾರೆ. ಪಲ್ಯ ಹಳದಿ ಇದ್ದರೆ, ಸಾಂಬಾರು ಬೇಕಾ ಅಂತ ಕೇಳಿದರೆ, ಸುಮ್ನೆ ಕಾಫಿ ಕುಡಿದು ಎದ್ದು ಬನ್ನಿ. ಕೋಟೆ ಹತ್ತಿ ಬಂದ ಹೊಟ್ಟೆಗೆ ಮೂರು ದೋಸೆ ಇಳಿಯುತ್ತದೆ. ಸಂಜೆಗೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೊರಡಿ.

ಸಂತೇಬೆನ್ನೂರು, ಸೂಳೆಕೆರೆ

ಚನ್ನಗಿರಿ ರಸ್ತೆಯಲ್ಲಿ ಹೋದರೆ ಸಂತೇಬೆನ್ನೂರು. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ 16ನೇ ಶತಮಾನದ ಪುಷ್ಕರಣಿ, ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಮುಸಾಫಿರ್ ಖಾನೆ. ಮಂಟಪದ ನೆರಳು ನೀರಿನಲ್ಲಿ ಕಾಣುವುದು ಗಾಳಿ ನಿಂತಾಗ ಮಾತ್ರ, ಕಾದು ಕೂತಿರಿ. ಈಜಬೇಡಿ.

ಸೂಳೆಕೆರೆಗೆ ಸೂರ್ಯ ಇಳಿಯುವ ಹೊತ್ತಿಗೆ ಸೇರಿ. ಕಾಗದದ ಮೇಲೆ ಶಾಂತಿಸಾಗರ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು ಅನ್ನುವುದು ಜನರ ಮಾತು. ಇಷ್ಟು ದೊಡ್ಡ ಕೆರೆಗೆ ಏರಿ ಎಷ್ಟು ಉದ್ದ ಇರಬಹುದು ಅಂದುಕೊಂಡು ಹೋದವರಿಗೆ ಆಶ್ಚರ್ಯ ಆಗುತ್ತದೆ, ಎರಡು ಗುಡ್ಡಗಳ ನಡುವಿನ ಚಿಕ್ಕ ಸಂದಿ ಮುಚ್ಚಿದ್ದಾರೆ, ಅಷ್ಟೇ. ಮಾರಿಕಣಿವೆಯಲ್ಲಿ ಮಾಡಿದ್ದೂ ಅದೇ ಉಪಾಯ, ನೂರಾರು ವರ್ಷ ಆದ ಮೇಲೆ. ಸಿದ್ಧನಾಲೆ, ಬಸವನಾಲೆ ಎರಡರಲ್ಲೂ ನೀರು ಗದ್ದೆ ತೋಟಗಳಿಗೆ ಹೋಗುತ್ತದೆ. ಸಮಯ ಇದ್ದರೆ ಚನ್ನಗಿರಿ ಹತ್ತಿರದ ಹೊದಿಗೆರೆಗೆ ಹೋಗಿ, ಶಿವಾಜಿಯ ತಂದೆ ಶಹಾಜಿಯ ಸಮಾಧಿ ಅಲ್ಲಿದೆ. ಬೇಟೆಯಲ್ಲಿ ಕುದುರೆಯಿಂದ ಬಿದ್ದು 1664ರಲ್ಲಿ ತೀರಿಕೊಂಡವರು.

ಮೂರನೇ ಬೆಳಿಗ್ಗೆ ಉಳಿದರೆ

ಹುಬ್ಬಳ್ಳಿ ಕಡೆ ಹೋಗುವವರು ಹರಿಹರದಲ್ಲಿ ನಿಲ್ಲಿಸಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ, ಅರ್ಧ ಶಿವ ಅರ್ಧ ವಿಷ್ಣು ಒಂದೇ ಮೂರ್ತಿಯಲ್ಲಿ. ಹಂಪಿ ಕಡೆ ತಿರುಗುವವರಾದರೆ ದುರ್ಗದಿಂದಲೇ ಚಳ್ಳಕೆರೆ ದಾಟಿ ಮೊಳಕಾಲ್ಮುರು ದಾರಿ ಹಿಡಿಯಿರಿ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ. ಎಲ್. ರೈಸ್ ಗುರುತಿಸಿದ್ದು. ಅಲ್ಲಿ ಹೋಟೆಲ್ ಹುಡುಕುತ್ತಾ ಕೂರಬೇಡಿ, ಬುತ್ತಿ ಕಟ್ಟಿಕೊಂಡು ಹೋಗಿ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ತಗೊಳ್ಳುವುದಿದ್ದರೆ ನೇಯುವವರ ಮನೆಯಲ್ಲೇ ಕೇಳಿ. ಹೆದ್ದಾರಿ ಬದಿಯ ಅಂಗಡಿಯಲ್ಲಿ "ಮೊಳಕಾಲ್ಮುರು" ಅಂತ ನಮ್ಮ ಅತ್ತಿಗೆಗೆ ಮಾರಿದ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು. ಇವತ್ತಿಗೂ ಆ ವಿಷಯ ಎತ್ತಿದರೆ ಅವರು ನನ್ನನ್ನೇ ಬೈಯುತ್ತಾರೆ, ಅಲ್ಲಿ ಕಾರು ನಿಲ್ಲಿಸಿದ್ದು ನಾನಂತೆ.