ಮೊದಲು ಎರಡು ಕಂತು, ಆಮೇಲೆ ಸಿನಿಮಾ: ಹಳೇ ಬ್ರಿಟಿಷ್ ಸಿಟ್‌ಕಾಮ್‌ಗೆ ದಾವಣಗೆರೆಯಲ್ಲೊಂದು ಸಂಜೆ

ಡ್ಯಾಡ್ಸ್ ಆರ್ಮಿ, ಸ್ಟೆಪ್ಟೋ ಅಂಡ್ ಸನ್, ಪಾರಿಜ್‌ನಂಥ ಹಳೇ ಬ್ರಿಟಿಷ್ ಹಾಸ್ಯ ಧಾರಾವಾಹಿಗಳೆಂದರೆ ಕಣ್ಣರಳಿಸುವವರು ದಾವಣಗೆರೆಯಲ್ಲೂ ಇದ್ದಾರೆ. ಅಂಥ ಹತ್ತು ಹನ್ನೆರಡು ಮಂದಿಯನ್ನು ಒಂದು ಹಾಲ್‌ನಲ್ಲಿ ಕೂರಿಸಿ ತೋರಿಸುವುದಾದರೆ ಒಂದು ಮಾತು ಬಿಡದೆ ಪಾಲಿಸಿ: ಧಾರಾವಾಹಿಯಿಂದ ಹುಟ್ಟಿದ ಸಿನಿಮಾ ಒಂದನ್ನೇ ಹಾಕಬೇಡಿ. ಧಾರಾವಾಹಿಯ ಎರಡು ಕಂತು ಮೊದಲು, ಸಿನಿಮಾ ಆಮೇಲೆ.

ಕಾರಣ ಇದು. ಈ ಕಂತುಗಳನ್ನು ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡೇ ಆಡಿದ್ದು. ನಗು ಏಳುತ್ತದೆ, ನಟ ಕಾಯುತ್ತಾನೆ, ನಗು ಇಳಿಯುತ್ತಿದ್ದಂತೆ ಮುಂದಿನ ಮಾತು. ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿದ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಚಪ್ಪಾಳೆ ಮುಗಿಯುವವರೆಗೆ ನಟ ತಡೆದು ನಿಲ್ಲುವುದು ಅಲ್ಲೂ ಹಾಗೇ. ಅವೇ ಪಾತ್ರಗಳು ಸಿನಿಮಾಕ್ಕೆ ಹೋದಾಗ ಪ್ರೇಕ್ಷಕರ ನಗು ಇಲ್ಲ. ಮಾತಿನ ನಂತರದ ಜಾಗ ಖಾಲಿ ಉಳಿದು, ಒಬ್ಬರೇ ನೋಡುವವರಿಗೆ ಸಪ್ಪೆ ಅನ್ನಿಸುತ್ತದೆ. ಕಂತು ನೋಡಿ ಕಿವಿ ಪಳಗಿದ ಹತ್ತು ಜನ ಜೊತೆಗಿದ್ದರೆ ಆ ಜಾಗವನ್ನು ಅವರೇ ತುಂಬುತ್ತಾರೆ.

ಮೊದಲ ಸಂಜೆಗೆ ಡ್ಯಾಡ್ಸ್ ಆರ್ಮಿಯೇ ಸರಿ. ಎರಡನೇ ಮಹಾಯುದ್ಧದಲ್ಲಿ ಊರು ಕಾಯಲು ನಿಂತ ಹೋಮ್ ಗಾರ್ಡ್ ಎಂಬ ಸ್ವಯಂಸೇವಕ ಪಡೆಯ ಕಥೆ ಅದು. ಬಿಬಿಸಿಯಲ್ಲಿ 1968ರಿಂದ 1977ರವರೆಗೆ 80 ಕಂತು, ಸಿನಿಮಾ 1971ರದ್ದು. ಎಲ್ಲರೂ ಎಡವುವುದು ಒಂದೇ ಕಡೆ, ಮೊದಲ ಕಂತಿನಿಂದ ಶುರು ಮಾಡುವುದರಲ್ಲಿ. ಯುದ್ಧ ಸಚಿವ ಆಂಟನಿ ಈಡನ್ ರೇಡಿಯೋದಲ್ಲಿ ಕರೆ ಕೊಡುವುದು, ಊರಿನ ಗಂಡಸರು ಪಡೆಗೆ ಸೇರುವುದು, ಬ್ಯಾಂಕ್ ಮ್ಯಾನೇಜರ್ ಮೇನರಿಂಗ್ ತಾನೇ ಕ್ಯಾಪ್ಟನ್ ಆಗುವುದು ಆ ಕಂತಿನಲ್ಲಿದೆ. ಸಿನಿಮಾದ ಮೊದಲ ಭಾಗವೂ ಅದೇ ಕಥೆ. ಎರಡನ್ನೂ ಒಂದೇ ಸಂಜೆ ನೋಡಿದವರು ಅರ್ಧಕ್ಕೇ ಆಕಳಿಸುತ್ತಾರೆ. ಅದರ ಬದಲು 1973ರ ‘ದ ಡೆಡ್ಲಿ ಅಟ್ಯಾಚ್‌ಮೆಂಟ್’ ಹಾಕಿ. ಸೆರೆಸಿಕ್ಕ ಜರ್ಮನ್ ಜಲಾಂತರ್ಗಾಮಿಯ ಕ್ಯಾಪ್ಟನ್, ತನ್ನನ್ನು ಕೆಣಕಿದವರ ಹೆಸರನ್ನೆಲ್ಲ ಯುದ್ಧ ಮುಗಿದ ಮೇಲೆ ನೋಡಿಕೊಳ್ಳುತ್ತೇನೆಂದು ಬರೆದಿಟ್ಟುಕೊಳ್ಳುತ್ತಿರುತ್ತಾನೆ. ಹುಡುಗ ಪೈಕ್ ಹಿಟ್ಲರನನ್ನು ಹಂಗಿಸಿ ಹಾಡುತ್ತಾನೆ. ‘ನಿನ್ನ ಹೆಸರೇನು?’ ಅನ್ನುತ್ತಾನೆ ಜರ್ಮನ್. ಮೇನರಿಂಗ್ ತಕ್ಷಣ ಗದರುತ್ತಾನೆ: ‘ಹೇಳಬೇಡ, ಪೈಕ್!’ ಆ ಕ್ಷಣ ಮೇನರಿಂಗ್ ಪಾತ್ರದ ಆರ್ಥರ್ ಲೋ ಮುಖದ ಬಿಗುವು ನೋಡಿ, ಸ್ಟುಡಿಯೋದ ನಗು ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಿಸಿಕೊಳ್ಳಿ. ಅಲ್ಲಿಂದ ಮುಂದೆ ಸಿನಿಮಾದ ಮೌನಗಳೂ ಅರ್ಥವಾಗುತ್ತವೆ.

ಶುರುವಿಗೆ ಮುಂಚೆ ಐದು ನಿಮಿಷ ಹಿನ್ನೆಲೆ ಹೇಳಿ, ಮಧ್ಯೆ ಅನುವಾದ ಮಾಡಲು ಹೋಗಬೇಡಿ, ಮಾಡಿದರೆ ನಗೆಯ ಲಯ ಕೆಡುತ್ತದೆ. ಎರಡು ವಿಷಯ ಸಾಕು. ಮೇನರಿಂಗ್ ಕಷ್ಟಪಟ್ಟು ಮೇಲೆ ಬಂದವನು. ಅವನ ಕೈಕೆಳಗಿನ ಸಾರ್ಜೆಂಟ್ ವಿಲ್ಸನ್ ದೊಡ್ಡ ಮನೆತನದವನು, ಬ್ಯಾಂಕಿನಲ್ಲೂ ಅವನ ಕೈಕೆಳಗೇ. ಹುದ್ದೆ ಒಂದು ದಿಕ್ಕಿಗೆ, ಅಂತಸ್ತು ಇನ್ನೊಂದು ದಿಕ್ಕಿಗೆ. ಅರ್ಧ ಹಾಸ್ಯ ಇಲ್ಲೇ ಇದೆ. ಇನ್ನೊಂದು ದುಡ್ಡಿನ ಲೆಕ್ಕ: 1971ರ ಫೆಬ್ರುವರಿ 15ರವರೆಗೆ 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್.

ಈಗ ಚಿತ್ರದ ವಿಷಯ. ಹಳೇ ಧಾರಾವಾಹಿಯ ಚಿತ್ರ 4:3 ಅಳತೆಯದು. ಟಿವಿಯಲ್ಲಿ ಅಕ್ಕಪಕ್ಕ ಕಪ್ಪು ಪಟ್ಟಿ ಬರಲಿ ಬಿಡಿ, ಎಳೆದು ತುಂಬಿಸಿದರೆ ಎಲ್ಲರೂ ದಪ್ಪ ಕಾಣುತ್ತಾರೆ. ಎಂಟು ಅಡಿ ಅಗಲದ 16:9 ಪರದೆಯಲ್ಲಿ ಚಿತ್ರ ಆರು ಅಡಿ ಅಗಲಕ್ಕೇ ನಿಲ್ಲುತ್ತದೆ, ಕುರ್ಚಿಗಳನ್ನು ಅಷ್ಟು ಮುಂದಕ್ಕೆ ತನ್ನಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಎ’ ಕೀ ಒತ್ತುತ್ತಾ ಹೋದರೆ ಅಳತೆ ಬದಲಾಗುತ್ತದೆ. ಕೈ ಬೀಸಿದಾಗ, ಯಾರಾದರೂ ಓಡಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಡಿಸ್ಕ್ ಕೆಟ್ಟಿಲ್ಲ. ಸ್ಟುಡಿಯೋ ದೃಶ್ಯಗಳು ವಿಡಿಯೋ ಟೇಪಿನವು, ಸೆಕೆಂಡಿಗೆ 50 ಅರ್ಧ ಚಿತ್ರಗಳಾಗಿ ದಾಖಲಾದವು. ವಿಎಲ್‌ಸಿಯಲ್ಲಿ ಆ ಅರ್ಧ ಚಿತ್ರಗಳನ್ನು ಸರಿಪಡಿಸುವ ಡೀಇಂಟರ್‌ಲೇಸ್ ಆನ್ ಮಾಡಿ, ಯಾಡಿಫ್ 2ಎಕ್ಸ್ ಆರಿಸಿ. ಹೊರಾಂಗಣ ಬಂದೊಡನೆ ಚಿತ್ರದ ಗುಣವೇ ಬದಲಾದರೆ ಗಾಬರಿ ಬೇಡ, ಅದು ಫಿಲಂನಲ್ಲಿ ತೆಗೆದದ್ದು.

ಬ್ರಿಟನ್ನಿನಿಂದ ತರಿಸಿದ ಡಿವಿಡಿ ಪಾಲ್ ಎಂಬ ಟಿವಿ ಪದ್ಧತಿಯದು, ನಮ್ಮದೂ ಪಾಲ್, ಅಲ್ಲಿ ತೊಂದರೆ ಇಲ್ಲ. ತೊಂದರೆ ರೀಜನ್‌ದು, ಅಂದರೆ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕೆಂದು ಹಾಕಿದ ಸಂಖ್ಯೆಯದು: ಅವರದು 2, ನಮ್ಮದು 5. ಕಂಪ್ಯೂಟರಿನ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಐದನೆಯದಕ್ಕೆ ಅಲ್ಲೇ ಬೀಗ ಬೀಳುತ್ತದೆ. ಆದ್ದರಿಂದ ಒಂದು ಹಳೇ ಡ್ರೈವ್ ಅನ್ನು 2ಕ್ಕೇ ಮೀಸಲಿಡಿ.

ಸಬ್‌ಟೈಟಲ್ ಹಾಕಲೇಬೇಕು. ಪಾರಿಜ್‌ನ ಜೈಲಿನ ಮಾತು, ಸ್ಟೆಪ್ಟೋ ಅಪ್ಪನ ಗೊಣಗಾಟ ಚೆನ್ನಾಗಿ ಇಂಗ್ಲಿಷ್ ಬಲ್ಲವರಿಗೂ ಕೈಕೊಡುತ್ತದೆ. ಬೇರೆ ಕಡೆಯಿಂದ ತಂದ ಸಬ್‌ಟೈಟಲ್ ಹೊಂದದಿದ್ದರೆ ಮೊದಲು ಎರಡು ಜಾಗದಲ್ಲಿ ಪರೀಕ್ಷಿಸಿ: ಹತ್ತನೇ ನಿಮಿಷ, ಎಪ್ಪತ್ತನೇ ನಿಮಿಷ. ಎರಡೂ ಕಡೆ ಒಂದೇ ಅಂತರವಿದ್ದರೆ ವಿಎಲ್‌ಸಿಯಲ್ಲಿ ‘ಜಿ’, ‘ಎಚ್’ ಕೀಗಳಿಂದ ಹಿಂದೆ ಮುಂದೆ ಸರಿಸಿದರೆ ಮುಗಿಯಿತು. ಅಂತರ ಬೆಳೆಯುತ್ತಾ ಹೋದರೆ ಎಷ್ಟು ಸರಿಸಿದರೂ ಪ್ರಯೋಜನವಿಲ್ಲ. ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಪಾಲ್ ಡಿವಿಡಿ ಓಡುವುದು 25ರಲ್ಲಿ. ಗಂಟೆಗೆ ಎರಡೂವರೆ ನಿಮಿಷ ವ್ಯತ್ಯಾಸ. ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿ ಉಳಿಸಿಕೊಳ್ಳಿ. ಈ ಕೆಲಸ ಹಿಂದಿನ ದಿನವೇ ಆಗಬೇಕು, ಜನ ಬಂದು ಕೂತ ಮೇಲಲ್ಲ.

ಸಮಯ: ಆರೂವರೆಗೆ ಶುರು, ಅರ್ಧ ಗಂಟೆಯ ಎರಡು ಕಂತು, ಇಪ್ಪತ್ತು ನಿಮಿಷ ವಿರಾಮ, ಆಮೇಲೆ ಒಂದೂವರೆ ಗಂಟೆಯ ಸಿನಿಮಾ. ಮಂಡಕ್ಕಿ ಮಿರ್ಚಿ ವಿರಾಮದಲ್ಲೇ ಆಗಲಿ. ನರ್ಗಿಸ್ ಮಂಡಕ್ಕಿ ಅಗಿಯುವ ಕರಕರ ಸದ್ದಿಗೆ ವಿಲ್ಸನ್‌ನ ಮೆಲುದನಿ ಕೇಳುವುದೇ ಇಲ್ಲ.

ಮುಂದಿನ ಸಂಜೆಗಳಿಗೆ ಪಾರಿಜ್ ಅತ್ಯುತ್ತಮ. ಮೊದಲ ಸರಣಿಯ ‘ಎ ನೈಟ್ ಇನ್’ ಬಹುಪಾಲು ಒಂದೇ ಕೋಣೆಯೊಳಗೆ ಇಬ್ಬರ ಮಾತು. ರಾನೀ ಬಾರ್ಕರ್ ಮತ್ತು ರಿಚರ್ಡ್ ಬೆಕಿನ್ಸೇಲ್ ಎಷ್ಟು ಆಪ್ತವಾಗಿ ಆಡಿದ್ದಾರೆಂದರೆ ಕಣ್ಣು ಕೀಳಲಾಗದು. 1979ರ ಸಿನಿಮಾ ಚೆಲ್ಮ್ಸ್‌ಫರ್ಡ್‌ನ ನಿಜವಾದ ಜೈಲಿನಲ್ಲೇ ಚಿತ್ರೀಕರಣವಾಯಿತು, ಬೆಂಕಿ ಬಿದ್ದು ಅದು ಖಾಲಿಯಿತ್ತು. ತಪ್ಪಿ ಹೊರಗೆ ಬಂದ ಕೈದಿಗಳು ವಾಪಸ್ ಒಳಗೆ ನುಗ್ಗಬೇಕಾದ ಕಥೆ. ಜಾಗ ಜೈಲೇ ಆದ್ದರಿಂದ ಹಾಸ್ಯದ ಬಿಗಿ ಸಡಿಲಾಗಿಲ್ಲ.

ಆರ್ ಯೂ ಬೀಯಿಂಗ್ ಸರ್ವ್ಡ್ ಸಿನಿಮಾ ಕೆಡುವುದು ಇಲ್ಲೇ. 1977ರಲ್ಲಿ ಅಂಗಡಿಯ ಸಿಬ್ಬಂದಿಯನ್ನೆಲ್ಲ ರಜೆಗೆ ಸಾಗಹಾಕಿದರು. ಅಂಗಡಿಯೊಳಗೆ ಯಾರು ಮೇಲು ಯಾರು ಕೀಳು ಎಂಬ ಜಟಾಪಟಿಯೇ ಆ ಹಾಸ್ಯದ ಜೀವ, ಅದು ಅಲ್ಲೇ ಉಳಿಯಿತು. ಸ್ಟೆಪ್ಟೋದಲ್ಲಿ 1972ರ ‘ಡಿವೈಡೆಡ್ ವಿ ಸ್ಟ್ಯಾಂಡ್’ ಕಂತು ಹಾಕಿ: ಅಪ್ಪನ ಕಾಟ ತಾಳದೆ ಮಗ ಮನೆಯ ನಡುವೆ ಗೋಡೆ ಎಬ್ಬಿಸುತ್ತಾನೆ. ಮನೆ ಪಾಲಾಗುವುದನ್ನು ಕಂಡವರಿಗೆ ಸಬ್‌ಟೈಟಲ್ಲೂ ಬೇಕಿಲ್ಲ. ಅದೇ ವರ್ಷದ ಸಿನಿಮಾದಲ್ಲಿ ಬಟ್ಟೆ ಬಿಚ್ಚುವ ನರ್ತಕಿಯ ಪ್ರಸಂಗವಿದೆ, ಮಕ್ಕಳಿರುವ ಸಂಜೆಗೆ ಬೇಡ. ಆನ್ ದ ಬಸಸ್‌ನ 1971ರ ಸಿನಿಮಾ ಹೆಂಗಸರು ಬಸ್ ಓಡಿಸುವುದನ್ನು ತಪ್ಪಿಸುವ ಕಥೆ; ಆ ಕಾಲದ ಮನಸ್ಸು ಹೇಗಿತ್ತೆಂದು ಮೊದಲೇ ತಿಳಿಸಿ ಹಾಕಿ, ಇಲ್ಲವೇ ಬಿಡಿ. ರೈಸಿಂಗ್ ಡ್ಯಾಂಪ್‌ನ 1980ರ ಸಿನಿಮಾದಲ್ಲಿ, ಧಾರಾವಾಹಿಯಲ್ಲಿದ್ದ ಬೆಕಿನ್ಸೇಲ್ ಇಲ್ಲ, 1979ರಲ್ಲೇ ತೀರಿಕೊಂಡಿದ್ದರು. ಧಾರಾವಾಹಿ ಮೆಚ್ಚಿದವರಿಗೆ ಇದನ್ನು ಮುಂಚೆಯೇ ಹೇಳಿ, ಇಲ್ಲದಿದ್ದರೆ ಸಿನಿಮಾ ಪೂರ್ತಿ ಅವರನ್ನೇ ಹುಡುಕುತ್ತಾ ಕೂರುತ್ತಾರೆ.

ಫಾಲ್ಟಿ ಟವರ್ಸ್‌ಗೆ ಸಿನಿಮಾ ಹುಡುಕಬೇಡಿ, ಬಂದೇ ಇಲ್ಲ. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತು. ಸಂಜೆಗೆ ಮೂರರಂತೆ ಹಾಕಿದರೆ ನಾಲ್ಕು ಸಂಜೆಗೆ ಸರಿಹೋಗುತ್ತದೆ.