ಮೆದುಳಲ್ಲಿ ರಕ್ತಸ್ರಾವವಾದಾಗ ಹಾಸಿಗೆ ಪಕ್ಕದ ಕೆಲಸ: ನನ್ನ ಅನುಭವ

ಲಕ್ವ ಹೊಡೆದಿದೆ ಎಂದು ಕರೆತಂದವರಿಗೆ ಸಿಟಿ ಸ್ಕ್ಯಾನ್ ಆಗುವ ತನಕ ನಾನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಕೊಡುವುದಿಲ್ಲ. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ರೋಗಿಯನ್ನು ನೋಡಿದ ಮಾತ್ರಕ್ಕೆ ಗೊತ್ತಾಗದು. ಮನೆಯಲ್ಲೇ ಮಾತ್ರೆ ನುಂಗಿಸಿದ್ದರೆ ಯಾವುದು, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದಿಡುತ್ತೇನೆ.

ಸ್ಕ್ಯಾನ್‌ನಲ್ಲಿ ರಕ್ತ ಕಂಡರೆ ಅಲ್ಲೇ ಅಳತೆ. ಹೆಪ್ಪುಗಟ್ಟಿದ ರಕ್ತದ ಗಡ್ಡೆಯ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ ಎರಡರಿಂದ ಭಾಗಿಸಿದರೆ ಮಿ.ಲೀ. ಸಿಗುತ್ತದೆ: 4, 3, 3 ಇದ್ದರೆ 18. ಆಗಲೇ ಆಗಿರುವ ಹಾನಿ ನಮ್ಮ ಕೈಲಿಲ್ಲ. ಈ 18 ಎಂಬುದು 30 ಆಗದಂತೆ ತಡೆಯಬೇಕು, ಸುತ್ತಲಿನ ಮೆದುಳನ್ನು ಉಳಿಸಬೇಕು. ಗಡ್ಡೆ ಬೆಳೆಯುವುದು ಹೆಚ್ಚಾಗಿ ಮೊದಲ ಕೆಲವೇ ಗಂಟೆಗಳಲ್ಲಿ.

ಮೇಲಿನ ಬಿಪಿ 150 ಮತ್ತು 220ರ ನಡುವೆ ಇದ್ದರೆ ಒಂದು ಗಂಟೆಯೊಳಗೆ 140ರ ಹತ್ತಿರ ತರುವುದು ಗುರಿ; 130ಕ್ಕಿಂತ ಕೆಳಗೆ ಬೇಡ. ನಾಲಿಗೆ ಕೆಳಗೆ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆಯುವ ಹಳೇ ಚಾಳಿ ಇನ್ನೂ ಕೆಲವೆಡೆ ಉಳಿದಿದೆ. ಅದರಲ್ಲಿ ಬಿಪಿ ಎಲ್ಲಿಗೆ ಬೀಳುತ್ತದೆಂದು ಹೇಳಲಾಗದು. ನಾನು ಬಿಪಿ ಇಳಿಸುವ ಲ್ಯಾಬೆಟಾಲಾಲ್ ಇಂಜೆಕ್ಷನ್ 10ರಿಂದ 20 ಮಿ.ಗ್ರಾಂ. ರಕ್ತನಾಳಕ್ಕೆ ಎರಡು ನಿಮಿಷ ತೆಗೆದುಕೊಂಡು ಕೊಡುತ್ತೇನೆ, 10 ನಿಮಿಷ ಕಾದು ಮತ್ತೆ. ಆಮೇಲೆ ಸಿರಿಂಜ್ ಪಂಪ್: 50 ಮಿ.ಗ್ರಾಂ. ಔಷಧಕ್ಕೆ ಸಲೈನ್ ಸೇರಿಸಿ ಒಟ್ಟು 50 ಮಿ.ಲೀ. ಮಾಡಿದರೆ 1 ಮಿ.ಲೀ.ಗೆ 1 ಮಿ.ಗ್ರಾಂ.; ರಾತ್ರಿ ಎರಡು ಗಂಟೆಗೂ ಲೆಕ್ಕ ತಪ್ಪುವುದಿಲ್ಲ. ಗಂಟೆಗೆ 30 ಮಿ.ಲೀ.ನಿಂದ ಶುರು. ಈ ಔಷಧ ದೇಹದಿಂದ ಬೇಗ ಹೋಗುವುದಿಲ್ಲ. ಹಾಗಾಗಿ 145ಕ್ಕೆ ಬಂದಾಗಲೇ ವೇಗ ತಗ್ಗಿಸಬೇಕು. ತಡಮಾಡಿದರೆ 120ಕ್ಕೆ ಜಾರುತ್ತದೆ, ಪಂಪ್ ನಿಲ್ಲಿಸಿದರೂ ಕೂಡಲೇ ಏರದು. ಆಸ್ತಮಾ, ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ), 60ಕ್ಕಿಂತ ಕಡಿಮೆ ನಾಡಿ ಇರುವವರಿಗೆ ಇದು ಸಲ್ಲದು.

ಬಿಪಿ ಇಳಿಯುತ್ತಿಲ್ಲವೆಂದರೆ ಪಂಪ್ ಮುಟ್ಟುವ ಮೊದಲು ಹೊದಿಕೆ ಎತ್ತಿ ನೋಡಿ. ಕ್ಯಾಥೆಟರ್ ಟ್ಯೂಬ್ ತೊಡೆಯಡಿ ಮಡಚಿ ಮೂತ್ರಕೋಶ ಉಬ್ಬಿರುತ್ತದೆ, ಇಲ್ಲವೇ ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿರುತ್ತಾರೆ. ಆದರೆ ಬಿಪಿ ಏರುತ್ತಾ ನಾಡಿ 50ಕ್ಕೆ ಇಳಿಯುತ್ತಿದ್ದರೆ ಅದು ಬೇರೆ ಕಥೆ. ತಲೆಬುರುಡೆಯೊಳಗಿನ ಒತ್ತಡ ಹೆಚ್ಚುತ್ತಿದೆ. ಕಣ್ಣಿನ ಪಾಪೆ ನೋಡಿ, ಮತ್ತೆ ಸ್ಕ್ಯಾನ್ ಮಾಡಿಸಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಿನ್ನುವವರಿಗೆ ವಿಟಮಿನ್ ಕೆ 10 ಮಿ.ಗ್ರಾಂ. ಡ್ರಿಪ್‌ನಲ್ಲಿ ನಿಧಾನವಾಗಿ. ಅದೊಂದೇ ಸಾಲದು, ಪರಿಣಾಮಕ್ಕೆ ಗಂಟೆಗಳು ಬೇಕು. ಜೊತೆಗೇ ಪಿಸಿಸಿ (ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಇಂಜೆಕ್ಷನ್), ಸಿಗದಿದ್ದರೆ ಪ್ಲಾಸ್ಮಾ. ಆಸ್ಪಿರಿನ್ ತಿಂದವರಿಗೆ ಆಪರೇಷನ್ ಇಲ್ಲದಿದ್ದರೆ ಪ್ಲೇಟ್‌ಲೆಟ್ ಏರಿಸುವುದಿಲ್ಲ; 2016ರ ಪ್ಯಾಚ್ ಅಧ್ಯಯನದಲ್ಲಿ ಅದರಿಂದ ಹಾನಿಯೇ ಹೆಚ್ಚಾಯಿತು.

ಉಳಿದದ್ದು ಸಣ್ಣ ಕೆಲಸಗಳು, ಆದರೆ ಬಿಪಿಯ ಜೊತೆಜೊತೆಗೇ ಆಗಬೇಕು. ಭಾರತವೂ ಸೇರಿ 10 ದೇಶಗಳ 7,000ಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ಇಂಟರಾಕ್ಟ್-3 ಅಧ್ಯಯನ (2023) ಬಿಪಿ, ಸಕ್ಕರೆ, ಜ್ವರ, ವಾರ್ಫರಿನ್‌ನ ಪರಿಣಾಮ ಈ ನಾಲ್ಕನ್ನೂ ಒಟ್ಟಿಗೆ ಹಿಡಿದಾಗ ಫಲ ಕಂಡಿತು. ಸಕ್ಕರೆ 180 ದಾಟಬಾರದು, 70ಕ್ಕಿಂತ ಕೆಳಗಂತೂ ಇಳಿಯಲೇಬಾರದು. ಡ್ರಿಪ್‌ಗೆ ನಾರ್ಮಲ್ ಸಲೈನ್. ಸುಮ್ಮನೆ 5% ಡೆಕ್ಸ್‌ಟ್ರೋಸ್ ಹಾಕಿದರೆ ಮೆದುಳಿನ ಊತ ಹೆಚ್ಚುತ್ತದೆ. ಜ್ವರ 37.5 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್.

ತಲೆಯ ಕಡೆ ಮಂಚ 30 ಡಿಗ್ರಿ ಎತ್ತರ, ಕುತ್ತಿಗೆ ನೇರ. ದಿಂಬು ಸೇರಿಸಿ ಗದ್ದ ಎದೆಗೆ ತಾಗಿಸಿದರೆ, ಅಥವಾ ಉಸಿರಿನ ಟ್ಯೂಬಿನ ಪಟ್ಟಿ ಬಿಗಿಯಾಗಿ ಕಟ್ಟಿದರೆ ತಲೆಯಿಂದ ಇಳಿಯುವ ರಕ್ತ ಕುತ್ತಿಗೆಯಲ್ಲೇ ತಡೆಯುತ್ತದೆ. ಪಟ್ಟಿಯಡಿ ಒಂದು ಬೆರಳು ಹೋಗಬೇಕು.

ಮೆದುಳಿನ ಊತ ಇಳಿಸುವ ಮ್ಯಾನಿಟಾಲ್ ಡ್ರಿಪ್ ಎಲ್ಲರಿಗೂ ಬೇಡ. ಎಚ್ಚರ ಕುಗ್ಗುತ್ತಿದ್ದರೆ, ಪಾಪೆ ಹಿಗ್ಗಿದರೆ ಕೆ.ಜಿ.ಗೆ 0.5 ಗ್ರಾಂ, ಅಂದರೆ 60 ಕೆ.ಜಿ.ಯವರಿಗೆ 20% ದ್ರಾವಣ 150 ಮಿ.ಲೀ., 20 ನಿಮಿಷದಲ್ಲಿ. ಚಳಿಗೆ ಬಾಟಲಿಯಲ್ಲಿ ಹರಳು ಕಟ್ಟಿದ್ದರೆ ಬಿಸಿನೀರಲ್ಲಿಟ್ಟು ಕರಗಿಸಿ, ಆರಿದ ಮೇಲೆ ಹಾಕಿ. ಮೂತ್ರ ಧಾರಾಳ ಹೋಗಿ ಬಿಪಿ ಕುಸಿಯಬಹುದು. ಹೋದ ನೀರನ್ನು ಸಲೈನ್‌ನಿಂದ ತುಂಬಿ.

ಕಿರುಮೆದುಳಿನಲ್ಲಿ 15 ಮಿ.ಲೀ.ಗಿಂತ ದೊಡ್ಡ ಗಡ್ಡೆ ಕಂಡರೆ, ರೋಗಿ ಮಾತಾಡುತ್ತಿದ್ದರೂ ನ್ಯೂರೋಸರ್ಜನ್‌ಗೆ ಆಗಲೇ ಫೋನ್ ಮಾಡಿ. ತಲೆಬುರುಡೆಯ ಆ ಭಾಗದಲ್ಲಿ ಜಾಗ ಇಕ್ಕಟ್ಟು, ಮಂಪರು ಕವಿದ ಮೇಲೆ ಆಂಬುಲೆನ್ಸ್ ಹುಡುಕಲು ಹೊತ್ತಿರುವುದಿಲ್ಲ.